ಬಸುರಿಹೂವಿನ ಪಾಲು

ಹೂವಿಗೆ ಹೃದಯ ಇಲ್ಲವಲ್ಲ ಅಂದಿದ್ದಳು ಡಾಕ್ಟರಮ್ಮ. ನಗುತ್ತಲೇ ಅಂದಿದ್ದಳು, ಯಾರನ್ನೂ ನೋಯಿಸುವ ಹೆಂಗಸಲ್ಲ ಅವಳು. ಆದರೂ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ಜೋಳದ ಸಿಪ್ಪೆಯ ಹಾಗೆ ಲಸ್ತೇನಿಯಾಳೊಳಗೆ ಕೂತುಬಿಟ್ಟಿತ್ತು, ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಬೆಳಿಗ್ಗೆ ಒಲೆ ಹಚ್ಚುವಾಗ ಅದೇ, ಕೋಳಿಯ ಪುಕ್ಕ ಕೀಳುವಾಗ ಅದೇ, ಈಗ ಅಂಗಳದ ಕಲ್ಲಿನ ಮೇಲೆ ಕೂತು ಹಸಿ ಬಾಳೆಕಾಯಿ ಹೆರೆಯುವಾಗಲೂ ಅದೇ. ಇವತ್ತು ಮಿಂಗಾ. ಊರಿನ ಮನೆಮನೆಯಿಂದ ಒಬ್ಬೊಬ್ಬರು ಮಚ್ಚು ಹಿಡಿದು ಬಂದು ಎಲ್ಲರೂ ಸೇರಿ ದಾರಿ ಕಡಿಯುವ ದಿನ. ದಾರಿ ಹೋಗುವುದು ಇವಳ ಹಿತ್ತಿಲಿಂದ, ಹಳ್ಳದ ಪಕ್ಕದಲ್ಲೇ ಮೇಲಕ್ಕೆ, ಗಾಜುಗಪ್ಪೆಗಳಿರುವ ಮಡುವಿನ ತನಕ. ದಾರಿ ಯಾರ ಜಮೀನಿನ ಮೇಲೋ ಸೂಪು ಅವರ ಒಲೆಯದು. ಅದನ್ನು ಯಾರೂ ಬಂದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಗುರುವಾರ ನ್ಯಾಯಾಧೀಶರು ಬರುತ್ತಾರೆ, ಮಡುವನ್ನು ಕಣ್ಣಾರೆ ನೋಡಿ ತಾಮ್ರದ ಕಂಪನಿ ಈ ಕಣಿವೆಯನ್ನು ಅಗೆಯಬೇಕೋ ಬೇಡವೋ ಹೇಳುತ್ತಾರೆ. ಅವರಿಗೆ ವಯಸ್ಸಾಗಿದೆ, ಮಂಡಿ ನೋವು, ಹಿಂದೊಂದು ಕಣಿವೆಯಲ್ಲಿ ಕೆಸರು ನೋಡಿ ಅರ್ಧದಲ್ಲೇ ಹಿಂತಿರುಗಿದವರು ಅಂತ ವಕೀಲ ಹೇಳಿ ಕಳಿಸಿದ್ದ. ಅದಕ್ಕೇ ಈ ದಾರಿ. ಬೂಟು ಒದ್ದೆಯಾಗದ ಹಾಗೆ, ಮಂಡಿ ಬಾಗದ ಹಾಗೆ. ಆ ದಾರಿಗೆ ಅಡ್ಡ ಬರುವುದು ಒಂದೇ ಒಂದು, ಹಳ್ಳದ ತಿರುವಿನಲ್ಲಿ ನೀರು ಜಿನುಗುವ ಬಂಡೆ. ಆ ಬಂಡೆಯ ಮೈತುಂಬ, ಬುಡದ ತುಂಬ, ಬಸುರಿಹೂವು.

ಹೋದ ವಾರ ಶಾಲೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ರಾಜಧಾನಿ ಕೀತೊದಿಂದ ಬಂದ, ಔಷಧಿಯನ್ನಲ್ಲ ಕಾಡಿನ ಜೀವಿಗಳನ್ನು ಓದಿದ ಡಾಕ್ಟರಮ್ಮ ಎರಡು ಚಿತ್ರ ಬಿಟ್ಟಿದ್ದಳು, ಎಡಗಡೆ ಕಪ್ಪೆ, ಬಲಗಡೆ ಹೂವು. ಕಪ್ಪೆಯನ್ನು ಗಾಜಿನ ತಟ್ಟೆಯ ಮೇಲೆ ಕೂರಿಸಿ ಕೆಳಗಿನಿಂದ ತೆಗೆದ ಚಿತ್ರ. ಹೊಟ್ಟೆಗೆ ಚರ್ಮವೇ ಇಲ್ಲವೇನೋ ಅನ್ನುವ ಹಾಗೆ ಒಳಗಿನದೆಲ್ಲ ಕಾಣುತ್ತಿತ್ತು, ಬಿಳಿ ಕರುಳು, ದಾರದಂಥ ನರ, ನಡುವೆ ಕೆಂಪಗೆ ಹೃದಯ. ಆಮೇಲೆ ಅದೇ ಚಿತ್ರ ಅಲುಗಾಡಿತು, ಹೃದಯ ಬಡಿಯತೊಡಗಿತು, ಬೆಂಚಿನಲ್ಲಿದ್ದವರೆಲ್ಲ ಹೋ ಅಂದರು. ಬಲಗಡೆಯ ಹೂವು ಸುಮ್ಮನೆ ಇತ್ತು. ಕಿತ್ತಳೆ ಬಣ್ಣ, ಕೆಳಗೆ ಉಬ್ಬಿದ ಹೊಟ್ಟೆ, ಮೇಲೆ ಸೂಜಿ ಹೊಗುವಷ್ಟು ಬಾಯಿ. ಎರಡೂ ಅಪರೂಪದ್ದೇ, ಎರಡೂ ಇನ್ನಿಲ್ಲ ಅಂತ ಓದಿದವರು ಒಂದು ಕಾಲಕ್ಕೆ ಕೈಬಿಟ್ಟಿದ್ದವೇ, ಆದರೆ ನ್ಯಾಯಾಧೀಶರ ಮುಂದೆ ಎರಡನ್ನೂ ಇಟ್ಟರೆ ಮನಸ್ಸು ಎರಡು ಕಡೆ ಹಂಚಿಹೋಗುತ್ತದೆ, ಒಂದನ್ನು ಮುಂದೆ ಮಾಡೋಣ, ಬಡಿಯುವ ಹೃದಯ ನೋಡಿದ ಮೇಲೆ ಅವರು ಇಲ್ಲ ಅನ್ನಲಾರರು, ಹೂವಿಗೆ ಹೃದಯ ಇಲ್ಲವಲ್ಲ. ಬಂಡೆಯ ಹತ್ತಿರ ಒಂದಿಷ್ಟು ಗಿಡ ಹೋಗುತ್ತದೆ, ಬೇರೆ ಕಡೆ ಇದ್ದೀತು ಅಂದಳು. ಇದ್ದೀತು ಅನ್ನುವಾಗ ಮಾತ್ರ ಕೈಯಲ್ಲಿದ್ದ ವೈರನ್ನು ನೋಡಿಕೊಂಡಳು. ಹಬ್ಬದ ರಾಣಿಯನ್ನು ಆರಿಸುವಾಗಿನ ಹಾಗೆ ಹಿಂದಿನಿಂದ ಯಾರೋ ಕಪ್ಪೆಗೇ ಕಿರೀಟ ಅಂತ ಕೂಗಿದರು, ನಗು ಎದ್ದಿತು, ಕೈಗಳೂ ಎದ್ದವು. ಲಸ್ತೇನಿಯಾಳ ಕೈ ಮಡಿಲಲ್ಲೇ ಇತ್ತು. ಯಾರೂ ಅದನ್ನು ತಿರುಗಿ ನೋಡಲಿಲ್ಲ. ಆ ಕೈ ಏಳದಿರುವುದು ಊರಿಗೆ ಹಳೆಯ ಸಂಗತಿ.

ಅವಳಿಗೆ ಕಪ್ಪೆಯ ಮೇಲೆ ಸಿಟ್ಟಿಲ್ಲ. ಸಂಜೆ ಹಳ್ಳದ ಕಡೆಯಿಂದ ಯಾರೋ ಹಲ್ಲಿನ ನಡುವೆ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಅವು ಕೂಗುವಾಗ ಇವಳು ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಾಳೆ. ಹಾಗೆ ನೋಡಿದರೆ ಸಿಟ್ಟಿದ್ದದ್ದು ಹೂವಿನ ಮೇಲೆಯೇ. ಮದುವೆಯಾಗಿ ಈ ಮನೆಗೆ ಬಂದು ವರ್ಷಗಳು ಕಳೆದರೂ ಹೊಟ್ಟೆ ಚಪ್ಪಟೆಯಾಗಿಯೇ ಇದ್ದಾಗ ಅತ್ತೆ ಅವಳನ್ನು ಬಟ್ಟೆ ಒಗೆಯುವ ನೆವದಲ್ಲಿ ಆ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ, ನೋಡು, ಈ ನೆಲದಲ್ಲಿ ಕಲ್ಲೂ ಬಸುರಾಗುತ್ತೆ ಅಂದಿದ್ದಳು. ಅಷ್ಟೇ ಅಂದದ್ದು. ಆಮೇಲೆ ಸೋಪು ಕೊಡು ಅಂದಳು. ಮಾರನೆಯ ದಿನ ಲಸ್ತೇನಿಯಾ ಒಬ್ಬಳೇ ಮಚ್ಚು ತೆಗೆದುಕೊಂಡು ಹೋಗಿ ಕೈಗೆ ಸಿಕ್ಕಷ್ಟನ್ನೂ ಕೊಚ್ಚಿದಳು. ಉಬ್ಬಿದ ಹೂವುಗಳು ಒಡೆದಾಗ ಒಳಗೆ ಏನಾದರೂ ಇರಬಹುದೆಂದು ಅವಳಿಗೆ ಅನಿಸಿತ್ತು, ಏನಿರಬಹುದೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಏನೂ ಇರಲಿಲ್ಲ. ಸ್ವಲ್ಪ ನೀರು, ಒಂದು ಸತ್ತ ಇರುವೆ. ಅವಳು ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಕೂತಿದ್ದಳು. ಮುಂದಿನ ಮಳೆಗೆ ಬಂಡೆ ಮತ್ತೆ ಹೊಟ್ಟೆ ಹೊತ್ತು ನಿಂತಿತ್ತು, ಏನೂ ಆಗದ ಹಾಗೆ, ಅವಳ ಕಡೆ ನೋಡದೆ. ಅದನ್ನು ಕಂಡು ಮೈ ಉರಿದದ್ದು ನಿಜ. ಉರಿಯುತ್ತ ಉರಿಯುತ್ತ ಯಾವತ್ತು ಅದು ಬೇರೆ ಏನೋ ಆಯಿತು, ಅದು ಅವಳಿಗೆ ತಿಳಿಯಲಿಲ್ಲ. ಅತ್ತೆ ಸತ್ತಳು, ಬಂಡೆ ಉಳಿಯಿತು, ಲಸ್ತೇನಿಯಾ ಬಟ್ಟೆ ಒಗೆಯುತ್ತ ಅದರ ಎದುರೇ ಮುದುಕಿಯಾದಳು.

"ಕೊಮಾದ್ರೆ, ಅದೇನ್ರೀ, ಬಾಳೆಕಾಯಿ ಹೆರೀತಿದ್ದೀರೋ ಕೈ ಹೆರೀತಿದ್ದೀರೋ? ಎರಡೂ ಒಂದೇ ಬಣ್ಣ ಆಗಿದೆ."

ನೆಲ್ವಾ ಬೇಲಿಯ ಹತ್ತಿರದಿಂದಲೇ ಕೂಗಿಕೊಂಡು ಬಂದಳು. ಸೊಂಟದ ಮೇಲೆ ಮರಗೆಣಸಿನ ಬುಟ್ಟಿ. ನೆಲ್ವಾಳ ಹಿರಿಮಗ ಹೊಲ್ಗೆರನನ್ನು ದೀಕ್ಷಾಸ್ನಾನದ ದಿನ ಎತ್ತಿ ಹಿಡಿದವರು ಲಸ್ತೇನಿಯಾ ಮತ್ತು ಅವಳ ಗಂಡ ಸೆಗುಂದೊ; ಅವತ್ತಿನಿಂದ ಈ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಕೊಮಾದ್ರೆ, ಹುಡುಗನಿಗೆ ಇವಳು ಮದ್ರಿನಾ, ಧರ್ಮತಾಯಿ. ಅದೇ ಹೊಲ್ಗೆರ್ ಈಗ ಊರ ಸಮಿತಿಯ ಅಧ್ಯಕ್ಷ.

"ಕೂತ್ಕೊಳ್ಳಿ. ಬಾಯಿ ಆಡಿಸೋದರ ಜೊತೆಗೆ ಕೈನೂ ಆಡಿಸಿ," ಅಂದಳು ಲಸ್ತೇನಿಯಾ.

ನೆಲ್ವಾ ಚಾಕು ತೆಗೆದುಕೊಂಡು ಕೂತಳು. "ನಮ್ಮ ಮನೆಯವರನ್ನ ಮೊನ್ನೆ ಮಡುವಿನ ಹತ್ತಿರ ಎಳ್ಕೊಂಡು ಹೋಗಿದ್ದೆ. ಗಂಡು ಕಪ್ಪೆ ಎಲೆ ಕೆಳಗೆ ಕೂತು ಮೊಟ್ಟೆ ಕಾಯುತ್ತಲ್ಲ, ಅದನ್ನ ತೋರಿಸಿದೆ. ನೋಡಿ, ಕಲೀರಿ, ಹಗಲೂ ರಾತ್ರಿ ಜಾಗ ಬಿಟ್ಟು ಕದಲಲ್ಲ ಅಂದೆ. ಏನಂದರು ಗೊತ್ತಾ? ಪಾಪ, ಹೆಂಡತಿ ಬೈದಿರಬೇಕು ಅಂದರು."

ಲಸ್ತೇನಿಯಾ ನಕ್ಕಳು. ನೆಲ್ವಾ ಕೂಡ ಅವತ್ತು ಕಪ್ಪೆಗೇ ಕೈ ಎತ್ತಿದ್ದಳು. ಎತ್ತಿ, ಪಕ್ಕದಲ್ಲಿದ್ದ ಇವಳ ಕಡೆ ಒಂದು ಸಲ ಓರೆಗಣ್ಣು ಹಾಯಿಸಿ, ಇಳಿಸದೆ ಹಾಗೇ ಹಿಡಿದಿದ್ದಳು.

"ನೀವು ಹೋದ ವಾರದಿಂದ ಮುಖ ಊದಿಸ್ಕೊಂಡಿದ್ದೀರಿ," ಅಂದಳು ನೆಲ್ವಾ, ಗೆಣಸಿನಿಂದ ಕಣ್ಣೆತ್ತದೆ. "ಒಂದು ಮಾತು ಹೇಳ್ತೀನಿ. ಕಪ್ಪೆ ಮೊಟ್ಟೆ ಇಡೋದು ಆ ಹೂವಿನ ಎಲೆಗೇ ಅಂತ ಹೇಳಿಬಿಡಿ. ನಾನೂ ಕಂಡಿದ್ದೀನಿ ಅಂತೀನಿ. ಆಗ ನಮ್ಮ ಹುಡುಗ ಬಂಡೆ ಹತ್ತಿರ ಯಾರನ್ನೂ ಬಿಡಲ್ಲ. ಕಪ್ಪೆ ಬಂದು ಸುಳ್ಳು ಅನ್ನುತ್ತಾ?"

"ಅಲ್ಲಿ ಇಡಲ್ಲ ಅದು."

"ಇಡಲ್ಲ ಅಂತ ನನಗೂ ಗೊತ್ತಿಲ್ವಾ?"

"ಮತ್ತೆ?"

"ಮತ್ತೆ ಏನು ಮತ್ತೆ. ಹೂವು ಉಳಿಯುತ್ತೆ."

"ಕಪ್ಪೆಗೆ ಬಾಡಿಗೆ ಮನೆ ಆದರೆ ಮಾತ್ರ ಹೂವು ಉಳೀಬೇಕಾ?" ಲಸ್ತೇನಿಯಾಳ ದನಿ ಅವಳಿಗೇ ಗಟ್ಟಿಯಾಗಿ ಕೇಳಿಸಿತು. "ಅದರ ಪಾಡಿಗೆ ಅದು ಇರಬಾರದಾ?"

ನೆಲ್ವಾ ಚಾಕು ನಿಲ್ಲಿಸಿದಳು. "ಇರಲಿ ಕಣ್ರೀ, ಯಾರು ಬೇಡ ಅಂದರು. ಆದರೆ ನ್ಯಾಯಾಧೀಶ ವಾಪಸ್ಸು ಹೋದರೆ ಬಂಡೆನೂ ಇರಲ್ಲ, ಹಳ್ಳನೂ ಇರಲ್ಲ, ನಾನು ನೀವು ಕೂತಿರೋ ಈ ಕಲ್ಲೂ ಇರಲ್ಲ. ಅದನ್ನ ಯೋಚನೆ ಮಾಡಿ." ಆಮೇಲೆ ದನಿ ಇಳಿಸಿ ಅಂದಳು: "ಮೊದಲೇ ನಿಮ್ಮ ಮನೆ ಮೇಲೆ ಮಾತಿದೆ."

ಮಾತಿತ್ತು. ಕಂಪನಿಯವರು ಮೊದಲ ಸಲ ಬೆಟ್ಟಕ್ಕೆ ಕೊಳವೆ ಇಳಿಸಲು ಬಂದಾಗ ಸೆಗುಂದೊ ಒಂದು ಬೇಸಿಗೆ ಪೂರ್ತಿ ಅವರ ಸಾಮಾನು ಹೊತ್ತಿದ್ದ. ಲಸ್ತೇನಿಯಾ ಅವರ ಬಟ್ಟೆ ಒಗೆದಿದ್ದಳು, ಇದೇ ಹಳ್ಳದಲ್ಲಿ, ನೊರೆ ಕಲ್ಲಿನಿಂದ ಕಲ್ಲಿಗೆ ಹಾರಿ ಹೋಗುವುದನ್ನು ನೋಡುತ್ತ. ಆ ವರ್ಷ ಸಂಜೆಯ ಸಿಳ್ಳೆ ಕಡಿಮೆಯಾಯಿತೆಂದು ಅವಳಿಗೆ ಗೊತ್ತು. ಸೋಪಿನಿಂದಲೋ, ಮೇಲೆ ಕೊರೆಯುತ್ತಿದ್ದ ಯಂತ್ರದಿಂದಲೋ, ಅದು ಗೊತ್ತಿಲ್ಲ. ಹೌದು, ಒಗೆದೆ. ತಿನ್ನುವುದಕ್ಕೆ ಒಗೆದೆ. ಹೀಗೆ ಮನಸ್ಸಿನಲ್ಲೇ ಯಾರಿಗೋ ಉತ್ತರ ಕೊಡುವುದು ಅವಳಿಗೆ ಅಭ್ಯಾಸವಾಗಿ ಹೋಗಿತ್ತು, ಕೇಳುವವರು ಮಾತ್ರ ಎದುರಿಗೆ ಬಂದು ಕೇಳಲೇ ಇಲ್ಲ. ಆಮೇಲೆ ಊರು ಕಂಪನಿಯ ವಿರುದ್ಧ ಎದ್ದು ನಿಂತಾಗ ಇಗರ್ಜಿಯಲ್ಲಿ ಒಬ್ಬೊಬ್ಬರೇ ಎದೆಯ ಮೇಲೆ ಕೈಯಿಟ್ಟು ನಾನು ನೀರಿನ ಕಡೆ ಅಂತ ಹೇಳಬೇಕಾಗಿತ್ತು. ಇವಳ ಸರದಿ ಬಂದಾಗ ಇವಳು ಎದ್ದು ನಿಂತಳು. ಬಾಯಿ ತೆರೆದಳು. ಎದುರಿಗೆ ಅಷ್ಟೊಂದು ಮುಖಗಳು ಅವಳ ಎದೆಯನ್ನೇ ನೋಡುತ್ತಿದ್ದವು, ಚರ್ಮ ತೆಗೆದು ಒಳಗೆ ಏನಿದೆಯೆಂದು ನೋಡಬಹುದಾದರೆ ನೋಡಿಯೇಬಿಡುವ ಹಾಗೆ. ಅವಳು ನೀರಿನ ಕಡೆಯೇ ಇದ್ದಳು. ಅದನ್ನು ಆಚೆ ತೆಗೆದು ತೋರಿಸು ಅಂದಾಗ ಮಾತ್ರ ಅವಳೊಳಗೆ ಏನೋ ಬಾಯಿ ಮುಚ್ಚಿಕೊಂಡಿತು. ಹಾಗೇ ಕೂತಳು. ಅವತ್ತಿನಿಂದ ಅವಳ ಹೆಸರಿನ ಹಿಂದೆ ಗಣಿಯವಳು ಅನ್ನುವ ಪಿಸುಮಾತೊಂದು ಬಾಲದ ಹಾಗೆ ಬಂತು.

ಹೊಲ್ಗೆರ್ ಜನರನ್ನು ಕಟ್ಟಿಕೊಂಡು ಬಂದಾಗ ಮೋಡ ಇನ್ನೂ ಅಂಗಳದಲ್ಲೇ ಕೂತಿತ್ತು. ಮೊದಲು ಟೋಪಿ ತೆಗೆದು ಬಗ್ಗಿ, "ಆಶೀರ್ವಾದ ಮಾಡಿ, ಮದ್ರಿನಾ," ಅಂದ. ಇವಳು ಅವನ ನೆತ್ತಿ ಮುಟ್ಟಿ, "ದೇವರು ನಿನ್ನ ಒಳ್ಳೇವನನ್ನಾಗಿ ಮಾಡಲಿ," ಅಂದಳು. ಚಿಕ್ಕಂದಿನಿಂದಲೂ ಅದೇ ಮಾತು. ಬೆಲ್ಲದ ನೀರು ಹಂಚಿದರು, ಕಬ್ಬಿನ ಸಾರಾಯಿಯ ಶೀಶೆ ಕೈಯಿಂದ ಕೈಗೆ ಹೋಯಿತು. ಹೊಲ್ಗೆರ್ ಅಳತೆಯ ಗಳ ಹಿಡಿದು ಪಾಲು ಹಂಚಲು ನಿಂತ. ಮಿಂಗಾದಲ್ಲಿ ದಾರಿಯನ್ನು ಮನೆಗಿಷ್ಟು ಅಂತ ತುಂಡು ಮಾಡಿ ಕೊಡುತ್ತಾರೆ. ಒಬ್ಬರ ಪಾಲಿನೊಳಗೆ ಇನ್ನೊಬ್ಬರ ಮಚ್ಚು ಹೋಗಬಾರದು. ಬಾಣಂತಿಯ ಪಾಲು ಅವಳಿಗಾಗಿ ಕಾಯುತ್ತದೆ, ಕುಡಿದು ಬಿದ್ದವನ ಪಾಲು ಅವನಿಗಾಗಿ ಕಾಯುತ್ತದೆ. ಸತ್ತವನ ಪಾಲನ್ನು ಮಾತ್ರ ಉಳಿದವರು ಸೇರಿ ಕಡಿಯುತ್ತಾರೆ, ಟೋಪಿ ತೆಗೆದಿಟ್ಟು.

"ಜಮೀನು ನಿಮ್ಮದು, ಮೊದಲು ನೀವು ಆರಿಸ್ಕೊಳ್ಳಿ ಮದ್ರಿನಾ," ಅಂದ ಹೊಲ್ಗೆರ್. "ಮನೆ ಹಿಂದಿನದು ತಗೊಳ್ಳಿ, ಬರೀ ಹುಲ್ಲು. ಅಡಿಗೆನೂ ಇದೆ ನಿಮಗೆ."

"ಬಂಡೆ ಮುಂದಿನದು ಕೊಡು," ಅಂದಳು.

ಹಾಗೆ ಕೇಳುವಾಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕಡಿಯುವುದೇ ಆದರೆ ನನ್ನ ಕೈಯಿಂದಲೇ ಹೋಗಲಿ ಅಂದುಕೊಂಡಿದ್ದಳೋ ಏನೋ, ಮನೆಯ ಮುದಿ ನಾಯಿಯನ್ನು ಕೊಲ್ಲಬೇಕಾದರೆ ಮನೆಯವರೇ ಕರೆದುಕೊಂಡು ಹೋಗುವ ಹಾಗೆ. ಹೊಲ್ಗೆರ್‌ಗೆ ಅದು ಒಪ್ಪಿಗೆಯಂತೆ ಕಂಡಿತು. ಮುಖ ಅರಳಿತು ಅವನದು. "ನೋಡಿದ್ರಾ," ಅಂದ ಎಲ್ಲರ ಕಡೆ ತಿರುಗಿ, "ನಮ್ಮ ಮದ್ರಿನಾ ತಾವೇ ಕೇಳಿ ತಗೊಂಡರು." ಯಾರೋ ಹಿಂದೆ, ಕಡೆಗೂ ಬುದ್ಧಿ ಬಂತು ಅಂದದ್ದು ಕೇಳಿಸಿತು. ಅರ್ಧ ಜನ ಕೆಳಗಿನಿಂದ ಶುರು ಮಾಡಿದರು. ಉಳಿದರ್ಧ ಮೇಲಿನ ಹುಲ್ಲುಗಾವಲು ಸುತ್ತಿ, ಗುಡ್ಡ ಇಳಿದು, ಮಡುವಿನ ಕಡೆಯಿಂದ ಕೆಳಮುಖವಾಗಿ ಕಡಿಯುತ್ತ ಬರಲು ಹೊರಟರು. ಸಾಲುಗಳು ಬಂಡೆಯ ಹತ್ತಿರ ಕೂಡಬೇಕು, ಕೂಡಿದ ಮೇಲೆ ಎಲ್ಲರೂ ಹೊಸ ದಾರಿಯಲ್ಲೇ ನಡೆದು ಬಂದು ಸೂಪಿಗೆ ಕೂರಬೇಕು.

ಒಲೆಯನ್ನು ನೆಲ್ವಾಳಿಗೆ ಒಪ್ಪಿಸಿ ಲಸ್ತೇನಿಯಾ ಬಂಡೆಗೆ ಬಂದಳು. ಗಡಿಗೆ ನೆಟ್ಟಿದ್ದ ಎರಡು ಕಡ್ಡಿಗಳ ನಡುವೆ ಅವಳ ಪಾಲು, ಈ ತುದಿಯಿಂದ ಆ ತುದಿಗೆ ಕೂಗಬೇಕಾಗಿಯೂ ಇಲ್ಲ, ಮಾತಾಡಿದರೆ ಸಾಕು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ನೀರು. ಮಚ್ಚನ್ನು ಒರೆಯಿಂದ ತೆಗೆದಳು. ಎಡಗೈಯಲ್ಲಿ ಒಂದು ಗಿಡದ ಕುತ್ತಿಗೆ ಹಿಡಿದಳು. ಎಲೆಯ ಹಿಂಬದಿ ಕೆನ್ನೇರಳೆ, ಸಣ್ಣ ರೋಮ, ರೋಮದ ತುದಿಗೆಲ್ಲ ನೀರು. ಹೂವು ಅವಳ ಮಣಿಕಟ್ಟಿಗೆ ತಾಗಿಕೊಂಡು ತೂಗುತ್ತಿತ್ತು. ಹೆಬ್ಬೆರಳಷ್ಟು ಹಕ್ಕಿಯೊಂದು ಬಂದು, ಅವಳಿದ್ದಾಳೆಂದು ಲೆಕ್ಕಕ್ಕಿಡದೆ, ಪಕ್ಕದ ಹೂವಿನ ಪುಟ್ಟ ಬಾಯಿಗೆ ಕೊಕ್ಕಿಟ್ಟು ಹಿಂದಕ್ಕೆ ತೆಗೆಯಿತು. ಒಳಗೆ ಏನು ಸಿಕ್ಕಿತೋ, ಹಕ್ಕಿ ಹೇಳಲಿಲ್ಲ, ಹೂವೂ ಹೇಳಲಿಲ್ಲ. ಡಾಕ್ಟರಮ್ಮ ಆ ಸಂಜೆ ಇನ್ನೊಂದು ಮಾತು ಹೇಳಿದ್ದಳು, ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ಕಪ್ಪೆಗಳು ನಿದ್ದೆ ಹೋಗುವಾಗ ರಕ್ತದಲ್ಲಿನ ಕೆಂಪನ್ನೆಲ್ಲ ಪಿತ್ತಜನಕಾಂಗದೊಳಗೆ ಸರಿಸಿ ಬಚ್ಚಿಟ್ಟುಕೊಳ್ಳುತ್ತವಂತೆ, ಯಾರ ಕಣ್ಣಿಗೂ ಬೀಳದ ಹಾಗೆ. ಹಾಗಾದರೆ ಅದೂ ತೋರಿಸುವುದಿಲ್ಲ. ಹಿಡಿದು ಗಾಜಿನ ಮೇಲೆ ಕೂರಿಸಿದರೆ ಕಾಣುತ್ತದೆ, ಅಷ್ಟೇ. ಯಾರನ್ನು ಹಿಡಿದು ಗಾಜಿನ ಮೇಲೆ ಕೂರಿಸಿದರೂ ಏನಾದರೊಂದು ಕಂಡೀತು. ಕಾಣದಿದ್ದದ್ದಕ್ಕೆ ಏನೂ ಇಲ್ಲ ಅಂತ ಹೇಳಿದವರು ಯಾರು? ಅವಳು ಗಿಡದ ಕುತ್ತಿಗೆ ಬಿಟ್ಟಳು. ಮಚ್ಚನ್ನು ಒರೆಗೆ ಹಾಕಿದಳು. ಹಾಕಿದ ಮೇಲೆ ಎದೆ ಹೊಡೆದುಕೊಳ್ಳತೊಡಗಿತು, ಏನೋ ಮಾಡಿಬಿಟ್ಟವರ ಹಾಗೆ.

ಎರಡೂ ಕಡೆಯಿಂದ ಮಚ್ಚಿನ ಸದ್ದು ಹತ್ತಿರ ಬರುತ್ತಿತ್ತು. ಬದುಕಿದ್ದಾಗ ಸೆಗುಂದೊ ಸದ್ದು ಕೇಳಿಯೇ ಯಾರ ಮಚ್ಚು ಅಂತ ಹೇಳುತ್ತಿದ್ದ. ಸೆಗುಂದೊಗೆ ಮಿಂಗಾ ಅಂದರೆ ಹಬ್ಬ. ಹಿಂದಿನ ದಿನವೇ ಕಲ್ಲಿನ ಮೇಲೆ ಮಚ್ಚು ಮಸೆದು ಹೆಬ್ಬೆರಳಿನಿಂದ ಸವರಿ ನೋಡುವವನು. ಕಂಪನಿಯ ಕೂಲಿ ಬಿಟ್ಟು ಬಂದ ಮೇಲಿನ ಮೊದಲ ಮಿಂಗಾಕ್ಕೂ ಹಾಗೇ ಮಸೆದುಕೊಂಡು ಹೋದ. ಇವಳೂ ಹಿಂದೆ ಬೆಲ್ಲದ ನೀರಿನ ಪಾತ್ರೆ ಹೊತ್ತು ಹೋಗಿದ್ದಳು. ಅವನ ಪಾಲು ಆಗಲೇ ಬೋಳಾಗಿತ್ತು. ಬೇರಿನ ತನಕ ನೀಟಾಗಿ ಕಡಿದು, ಗುಡಿಸಿ, ಅದರ ಎರಡೂ ಪಕ್ಕ ಊರಿನ ಗಂಡಸರು ಟೋಪಿ ಎದೆಗೆ ಹಿಡಿದು ನಿಂತಿದ್ದರು. ಯಾರೂ ಬೈಯಲಿಲ್ಲ. ಸೆಗುಂದೊ ಆ ಬೋಳು ನೆಲವನ್ನು ನೋಡಿದ, ಬರಿದಾದ ತಲೆಗಳನ್ನು ನೋಡಿದ, ಏನು ಮಾಡಬೇಕೆಂದು ತೋಚದೆ ತಾನೂ ಟೋಪಿ ತೆಗೆದ. ಅದೊಂದನ್ನು ಮಾತ್ರ ಅವಳಿಗೆ ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ. ತಾನೂ ಟೋಪಿ ತೆಗೆದ ಮನುಷ್ಯ. ಆಮೇಲೆ ಅವನು ಬಹಳ ಕಾಲ ಬದುಕಲಿಲ್ಲ, ಎದೆಯಲ್ಲಿ ನೀರು ತುಂಬಿ ಹೋದ. ಆದರೆ ಅವನು ಸತ್ತದ್ದು ಯಾವತ್ತು ಅಂತ ಯಾರಾದರೂ ಕೇಳಿದರೆ ಅವಳ ಬಾಯಿಗೆ ಮೊದಲು ಬರುವುದು ಆ ಮಿಂಗಾದ ದಿನ. ಟೋಪಿ ಹಿಡಿದು ನಿಂತವರಲ್ಲಿ, ಸಾಲಿನ ಕೊನೆಯಲ್ಲಿ, ಹೊಸದಾಗಿ ಮೀಸೆ ಮೂಡಿದ್ದ ಹೊಲ್ಗೆರ್ ಕೂಡ ಇದ್ದ. ಅವನ ಕಣ್ಣು ನೆಲದಲ್ಲಿತ್ತು.

ಕೆಳಗಿನವರು ಮೊದಲು ಬಂದು ಮುಟ್ಟಿದರು. ಪಕ್ಕದ ಪಾಲಿನ ಮುದುಕ ಅಬೆಲಾರ್ದೊ ಕೊನೆಯ ಪೊದೆ ಎಳೆದು ಹಾಕಿ ಬೆನ್ನು ನೆಟ್ಟಗೆ ಮಾಡಿದವನು ಇವಳನ್ನೂ ಬಂಡೆಯನ್ನೂ ಮತ್ತೆ ಮತ್ತೆ ನೋಡಿದ.

"ಏನು ಲಸ್ತೇನಿಯಾ, ಇನ್ನೂ ಶುರುನೇ ಮಾಡಿಲ್ಲ? ಮಚ್ಚು ಮೊಂಡಾಗಿದ್ರೆ ನಂದು ತಗೋ."

"ಚೂಪಾಗಿದೆ."

"ಮತ್ತೆ ಕೈಗೇನಾಯ್ತು?"

"ಏನಾಗಿಲ್ಲ. ಚೆನ್ನಾಗಿದೆ."

ಮೇಲಿನವರೂ ಬಂದರು. ಬೆವರಿನ, ಕಡಿದ ಹಸಿರಿನ ವಾಸನೆ ಎರಡೂ ಕಡೆಯಿಂದ ಬಂದು ಅವಳ ಮೇಲೆ ನಿಂತಿತು. ಈ ಕಡ್ಡಿಯ ಆಚೆ ಒಂದಿಷ್ಟು ಜನ, ಆ ಕಡ್ಡಿಯ ಆಚೆ ಒಂದಿಷ್ಟು ಜನ, ನಡುವೆ ತೇವದ ಬಂಡೆಗೆ ಬೆನ್ನು ಕೊಟ್ಟು ಅವಳು. ಬೆನ್ನಿಗೆ ಹೂವುಗಳು ಒತ್ತಿಕೊಂಡದ್ದು ಅಂಗಿಯ ಮೇಲಿನಿಂದಲೇ ತಿಳಿಯುತ್ತಿತ್ತು. ಹೊಲ್ಗೆರ್ ಮೇಲಿನ ಸಾಲಿನಿಂದ ಜನರನ್ನು ಸರಿಸಿಕೊಂಡು ಮುಂದೆ ಬಂದ.

"ಮದ್ರಿನಾ, ಏನಿದು?"

"ನನ್ನ ಪಾಲು."

"ನಿಮ್ಮ ಪಾಲೇ. ಕಡೀರಿ ಮತ್ತೆ. ಸುಸ್ತಾಗಿದ್ರೆ ಹೇಳಿ, ಕೂತ್ಕೊಂಡು ಕಾಯ್ತೀವಿ."

"ಕಾಯಿ. ಎಷ್ಟು ಬೇಕಾದರೂ ಕಾಯಿ."

ಯಾರೋ ನಕ್ಕರು, ನಗು ಅಲ್ಲೇ ಸತ್ತಿತು. ಹೊಲ್ಗೆರನ ಕಿವಿ ಕೆಂಪಾಯಿತು. ಚಿಕ್ಕವನಿದ್ದಾಗಲೂ ಅವನಿಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಕಿವಿಯಲ್ಲೇ. "ಮದ್ರಿನಾ, ಒಂದು ಗಿಡಕ್ಕೋಸ್ಕರ ಇಡೀ ಕಣಿವೆ ಪಣಕ್ಕಿಡ್ತೀರಾ? ಆ ಕಪ್ಪೆ ನಮ್ಮ ಸಾಕ್ಷಿ. ಅದನ್ನ ನೋಡದೆ ನ್ಯಾಯಾಧೀಶರು ವಾಪಸ್ಸು ಹೋದ್ರೆ ಮುಗೀತು. ನೀವೇ ಒಂದು ಕಾಲದಲ್ಲಿ ಇದನ್ನೆಲ್ಲ ಕೊಚ್ಚಿ ಹಾಕಿದ್ರಂತೆ, ಅಮ್ಮ ಹೇಳಿದ್ದಾಳೆ. ಮತ್ತೆ ಬೆಳೀಲಿಲ್ವಾ?"

"ನಾನು ಕೊಚ್ಚಿ ಮನೆಗೆ ಹೋದೆ. ನೀವು ಕೊಚ್ಚಿ ಕಲ್ಲು ಹಾಸ್ತೀರಿ. ಕಲ್ಲಿನ ಮೇಲೆ ಗುರುವಾರ ಒಬ್ಬರು, ಶುಕ್ರವಾರ ಇನ್ನೊಬ್ಬರು. ಆಮೇಲೆ ನಿಲ್ಲುತ್ತಾ?"

"ಕಪ್ಪೆ ಉಳಿದರೆ ಸಾಲದಾ?"

"ನಿನಗೆ ಸಾಕು."

"ಅದರಿಂದ ಏನು ಉಪಯೋಗ ಹೇಳಿ. ಔಷಧಿನಾ? ಹೇಳಿ, ಡಾಕ್ಟರಮ್ಮನಿಗೆ ನಾನೇ ಹೇಳ್ತೀನಿ."

ಎಲ್ಲರೂ ಕಾದರು. ಇಗರ್ಜಿಯಲ್ಲಿ ಕಾದ ಹಾಗೇ. ಒಂದು ಕಾರಣ ಹೊರಗೆ ತೆಗೆದು ಅಂಗೈ ಮೇಲೆ ಇಟ್ಟರೆ ಸಾಕಿತ್ತು, ಅತ್ತೆಯ ಮಾತು ಹೇಳಬಹುದಿತ್ತು, ಮಕ್ಕಳಿಲ್ಲದ ಮುದುಕಿ ಅಂತ ಮುಖ ಕರಗುತ್ತಿತ್ತು ಅವರದು, ಅಯ್ಯೋ ಪಾಪ ಅಂದು ಒಂದೆರಡು ಗಿಡ ಕುಂಡದಲ್ಲಿಟ್ಟು ಕೊಟ್ಟಾರು. ಅವಳು ತುಟಿ ಬಿಗಿದಳು. ಅವಳಿಗೆ ನಾಚಿಕೆಯಾಗಲಿಲ್ಲ, ಅದೇ ಆಶ್ಚರ್ಯ. ಇಷ್ಟು ವರ್ಷ ಮಾತು ಬರಲಿಲ್ಲವೆಂದು ತನ್ನನ್ನೇ ಬೈದುಕೊಂಡಿದ್ದಳು. ಮಾತು ಬರದೆ ಇದ್ದದ್ದಲ್ಲ, ಕೊಡದೆ ಇದ್ದದ್ದು.

"ಉಪಯೋಗ ಏನೂ ಇಲ್ಲ," ಅಂದಳು. "ಕಡಿಯಲ್ಲ."

"ಗಣಿಯವಳೇ ಅಲ್ವಾ," ಅಂತ ಮೇಲಿನ ಸಾಲಿನಿಂದ ಒಂದು ದನಿ. "ಗಂಡ ಹೊತ್ತ, ಇವಳು ಅಡ್ಡ ನಿಂತಳು."

ಹೊಲ್ಗೆರ್ ಆ ದನಿಯ ಕಡೆ ತಿರುಗಿ ಬಾಯಿ ಮುಚ್ಚು ಅಂತ ಗದರಿದ. ಗದರಿದವನಿಗೆ ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅಧ್ಯಕ್ಷ ಅವನು, ಎರಡೂ ಕಡೆಯ ಜನ ಅವನನ್ನೇ ನೋಡುತ್ತಿದ್ದರು. ಮಚ್ಚನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಸರಿ. ನೀವು ಕಡಿಯಲ್ಲ ಅಂದರೆ ನಾನು ಕಡೀತೀನಿ. ಪಕ್ಕಕ್ಕೆ ಬನ್ನಿ," ಅಂದು ಗಡಿಯ ಕಡ್ಡಿ ದಾಟಿ ಒಂದು ಕಾಲು ಒಳಗಿಟ್ಟ.

ಮುದುಕ ಅಬೆಲಾರ್ದೊ ಗಂಟಲು ಕೆರೆದ.

"ಹೊಲ್ಗೆರ್," ಅಂದಳು ಲಸ್ತೇನಿಯಾ. ದನಿ ಏರಲಿಲ್ಲ, ಊಟಕ್ಕೆ ಕರೆದ ಹಾಗಿತ್ತು. "ಟೋಪಿ ತೆಗಿ."

ಅವನಿಗೆ ತಟ್ಟನೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಕಿವಿಯ ಕೆಂಪು ಇಳಿದು ಮುಖ ಬೂದಿಯಾಯಿತು.

"ನನ್ನ ಪಾಲಿಗೆ ಮಚ್ಚು ಹಾಕೋದಾದರೆ ನಾನು ಸತ್ತಿದ್ದೀನಿ ಅಂತ ಲೆಕ್ಕ. ತೆಗಿ. ನೀವೂ ತೆಗೀರಿ ಎಲ್ಲರೂ. ಹೇಗೆ ಅಂತ ನಿಮಗೆ ಗೊತ್ತು, ಮಾಡಿ ಅಭ್ಯಾಸ ಇದೆ. ಸೆಗುಂದೊ ಒಳ್ಳೇವನು, ತಾನೂ ತೆಗೆದ. ನಾನು ಒಳ್ಳೇವಳಲ್ಲ. ನಾನು ಇಲ್ಲೇ ನಿಂತಿರ್ತೀನಿ, ನೀವು ಟೋಪಿ ಹಿಡ್ಕೊಂಡು ನನ್ನ ಮುಖ ನೋಡ್ತಾ ಕಡೀಬೇಕು."

ಹೊಲ್ಗೆರನ ಖಾಲಿ ಕೈ ಮೇಲಕ್ಕೆ ಹೋಯಿತು, ಟೋಪಿಯ ಅಂಚಿನ ತನಕ ಹೋಯಿತು, ಅಲ್ಲೇ ನಿಂತಿತು. ನೆತ್ತಿ ಮುಟ್ಟಿ ಬೆಳಿಗ್ಗೆ ಇವಳು ಆಶೀರ್ವಾದ ಮಾಡಿದ್ದ ತಲೆ. ಇವಳು ಕಣ್ಣು ಕದಲಿಸಲಿಲ್ಲ. ಅವನು ಟೋಪಿ ತೆಗೆಯಲೂ ಇಲ್ಲ, ಕೈ ಇಳಿಸಲೂ ಇಲ್ಲ. ಬಿಸಿಲು ತಡೆದು ದೂರ ನೋಡುವವನ ಹಾಗೆ ನಿಂತೇ ಇದ್ದ, ಬಿಸಿಲು ಎಲ್ಲಿತ್ತು ಅಲ್ಲಿ. ಕೊನೆಗೆ ಒಳಗಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

"ನ್ಯಾಯಾಧೀಶರು ಇಲ್ಲಿ ನಿಂತು, ಮುಂದೆ ಹೋಗೋದು ಹೇಗೆ ಅಂತ ಕೇಳಿದರೆ ನಾನೇನು ಹೇಳಲಿ?" ಅಂದ.

"ನೀರಲ್ಲಿ ಇಳೀರಿ ಅನ್ನು. ಮಂಡಿ ನೋವಾದರೆ ಎತ್ತಿಕೊಂಡು ದಾಟಿಸು, ಅಷ್ಟು ಗಟ್ಟಿಯಾಗಿದ್ದೀಯ. ನೀರಿನ ಕಥೆ ಕೇಳೋಕೆ ಬಂದವರು ಕಾಲು ಒದ್ದೆ ಮಾಡಿಕೊಂಡರೆ ತಪ್ಪೇನಿಲ್ಲ."

"ಅವರು ಹಿಂದಕ್ಕೆ ಹೋದರೆ?"

ಹೋದರೂ ಹೋಗಬಹುದು. ಹೋದರೆ ಈ ಬಂಡೆಯನ್ನೂ ಕಂಪನಿ ಪುಡಿ ಮಾಡುತ್ತದೆ, ಊರು ಇವಳ ಹೆಸರು ಹೇಳಿ ಉಗಿಯುತ್ತದೆ, ಅದು ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಕಾಲು ಅಲ್ಲಿಂದ ಏಳಲಿಲ್ಲ. "ಹೋದರೆ ನನ್ನ ಹೆಸರು ಹೇಳು," ಅಂದಳು.

ಮೇಲಿನ ಸಾಲಿನವರು ಹಸಿದಿದ್ದರು. ಮತ್ತೆ ಗುಡ್ಡ ಹತ್ತಿ ಹುಲ್ಲುಗಾವಲು ಸುತ್ತುವಷ್ಟು ಕಸುವು ಯಾರಲ್ಲೂ ಇರಲಿಲ್ಲ. ಒಬ್ಬ ಮಚ್ಚು ಒರೆಗೆ ಹಾಕಿ, ಏನೋ ಗೊಣಗಿಕೊಂಡು ನೀರಿಗಿಳಿದ. ಬೂಟಿನೊಳಕ್ಕೆ ನೀರು ನುಗ್ಗಿ ಗುಳುಗುಳು ಅಂದಿತು. ಅವನ ಹಿಂದೆ ಇನ್ನೊಬ್ಬ. ತೊಡೆಯ ತನಕ ಒದ್ದೆಯಾಗಿ, ಜಾರುವ ಕಲ್ಲಿಗೆ ಬೈಯುತ್ತ, ಅವಳ ಮುಂದೆಯೇ ಬಂಡೆಯನ್ನು ಬಳಸಿಕೊಂಡು ದಾಟಿದರು. ಕೆಲವರು ದಾಟಿದವರು ಸೂಪಿನ ಕಡೆ ತಿರುಗದೆ ನೇರ ಊರಿನ ದಾರಿ ಹಿಡಿದರು, ಅದನ್ನೂ ಅವಳು ನೋಡಿದಳು. ಗಲಾಟೆ ಕೇಳಿ ಅಡಿಗೆಮನೆಯಿಂದ ಓಡಿ ಬಂದಿದ್ದ ನೆಲ್ವಾ ಕೆಳಗಿನ ಕಡ್ಡಿಯ ಹತ್ತಿರ ಸೌಟು ಹಿಡಿದು ನಿಂತಿದ್ದಳು, ಮಗ ನೀರಿನಿಂದ ಎದ್ದು ಬಂದಾಗ ಅವನ ಮುಖವನ್ನು ಒಮ್ಮೆ ನೋಡಿ, ಬಂಡೆಯ ಕಡೆ ತಿರುಗಿ, "ಸೂಪು ತಳ ಹಿಡೀತಿದೆ ಕೊಮಾದ್ರೆ, ನಿಮ್ಮ ಹಟ ಮುಗಿದಿದ್ರೆ ಬನ್ನಿ!" ಅಂತ ಕಿರುಚಿದಳು. ಅದರಲ್ಲಿ ಸಿಟ್ಟೆಷ್ಟು, ಬೇರೇನಷ್ಟು, ಅವಳೂ ತೋರಿಸಲಿಲ್ಲ.

"ಬರ್ತೀನಿ," ಅಂದಳು ಲಸ್ತೇನಿಯಾ. ಕೊನೆಯವನು ದಾಟುವ ತನಕ ನಿಂತಿದ್ದಳು. ಮನೆಗೆ ಅವಳ ಪಾಲಿನ ಮೇಲಿಂದ ಹೋದರೆ ಹತ್ತಿರ, ಗಿಡಗಳ ನಡುವೆ ಕಾಲಿಡಲು ಅಲ್ಲಲ್ಲಿ ಜಾಗವೂ ಇತ್ತು. ಆದರೂ ಅವಳು ಲಂಗವನ್ನು ಮಂಡಿಯ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹಳ್ಳಕ್ಕೆ ಇಳಿದಳು. ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಎಲ್ಲರೂ ನೋಡುತ್ತಿದ್ದರು. ಅವಳು ನಿಧಾನವಾಗಿಯೇ ನಡೆದಳು.